ಗಲಾಟೆಗೆ ಬಂದವರೇ ಗಿರಾಕಿಗಳು

ಹೋದ ತಿಂಗಳು ಒಂದು ಭಾನುವಾರ, ಬೆಳಗಿನ ಜಾವ ಐದರ ಹೊತ್ತಿಗೆ, ಕಾಸಿಮೇಡಿನ ಮೀನು ಬಂದರಿನಲ್ಲಿ ಇಬ್ಬರು ಹೆಂಗಸರು ಒಂದು ಮೊಳ ಜಾಗಕ್ಕೆ ಜಗಳಕ್ಕೆ ಬಿದ್ದಿದ್ದರು. ಅಂಥಿಂಥ ಜಗಳವಲ್ಲ; ಇಬ್ಬರ ಅಜ್ಜಿಯಂದಿರ ಕಾಲದ ಬಾಕಿಯೂ ಅಲ್ಲೇ ಚುಕ್ತಾ ಆಯಿತು. ಬೆಂಗಳೂರಿನಿಂದ ಬಂದು ಚೆನ್ನೈ ಸೇರಿದ ನನಗೆ ಆ ತಮಿಳು ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಅರ್ಧವನ್ನು ಇಲ್ಲಿ ಬರೆಯುವ ಹಾಗಿಲ್ಲ. ಜನ ಸುತ್ತುಗಟ್ಟಿದರು, ಚೀಲ ಹಿಡಿದು ನಾನೂ ನುಗ್ಗಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಚೀಲದಲ್ಲಿ ಒಂದು ಕಿಲೋ ಶಂಕರ ಮೀನು! ನಾನು ಹೋಗಿದ್ದು ವಂಜರಕ್ಕೆ, ಅಂದರೆ ನಮ್ಮ ಮಂಗಳೂರಿನವರ ಅಂಜಲಿಗೆ. ಅಷ್ಟರಲ್ಲಿ ಆ ಇಬ್ಬರ ಬುಟ್ಟಿಯೂ ಖಾಲಿ.

ಪಾಪ, ಇವರು ತಮ್ಮ ಜಗಳ ತಾವೇ ಆಡಬೇಕು, ಗಂಟಲು ತಮ್ಮದೇ ಹೋಗಬೇಕು. ಸಿನಿಮಾದವರಿಗೆ ಆ ಕಷ್ಟವೂ ಇಲ್ಲ. ಅವರ ಪರವಾಗಿ ಊರಿನವರೇ ಪುಕ್ಕಟೆ ಆಡಿಕೊಡುತ್ತಾರೆ.

2017ರ ದೀಪಾವಳಿಗೆ ವಿಜಯ್ ಅವರ ‘ಮೆರ್ಸಲ್’ ಬಂತಲ್ಲ, ನೆನಪಿದೆಯೇ? ಸಿಂಗಪುರದಲ್ಲಿ ಶೇ. 7, ನಮ್ಮಲ್ಲಿ ಶೇ. 28 ಅಂತ ಜಿಎಸ್‌ಟಿ ಮೇಲೆ ನಾಯಕ ಒಂದು ಭಾಷಣ ಬಿಗಿಯುತ್ತಾನೆ. ಹಬ್ಬದ ಪಟಾಕಿ ಸದ್ದಿನಲ್ಲಿ ಅದೂ ಒಂದು ಸದ್ದಾಗಿ ಕರಗಿಹೋಗುತ್ತಿತ್ತು. ಬಿಜೆಪಿಯವರು ಕತ್ತರಿಸಿ ಅಂದರು ನೋಡಿ, ಆ ಭಾಷಣದ ತುಣುಕು ತಮಿಳು ಬಾರದವರ ಫೋನಿಗೂ ಬಂತು. ರಾಹುಲ್ ಗಾಂಧಿ ಟ್ವೀಟ್ ಮಾಡಿದರು. ಬಿಜೆಪಿಯ ಎಚ್. ರಾಜಾ ಅವರು ಟಿವಿಯಲ್ಲಿ ತಾವು ಅದನ್ನು ಇಂಟರ್ನೆಟ್ಟಿನಲ್ಲಿ ನೋಡಿದ್ದಾಗಿ ಹೇಳಿ, ನಿರ್ಮಾಪಕರ ಸಂಘದ ವಿಶಾಲ್ ಕೈಯಲ್ಲಿ ಪೈರಸಿ ಪಾಠ ಹೇಳಿಸಿಕೊಂಡರು. ವಿಜಯ್ ಅವರ ಪೂರ್ತಿ ಹೆಸರು ಜೋಸೆಫ್ ವಿಜಯ್ ಅಂತ ಎತ್ತಿ ಆಡಿದ್ದೂ ಆಯಿತು. ಅವರು ಅದೇ ಹೆಸರಿನ ಲೆಟರ್‌ಹೆಡ್ಡಿನಲ್ಲಿ ಎಲ್ಲರಿಗೂ ಧನ್ಯವಾದ ಬರೆದರು. ಅಷ್ಟು ಜನಕ್ಕೆ ಪ್ರಚಾರದ ಕೂಲಿ ಕೊಡಬೇಕಾಗಿದ್ದರೆ ನಿರ್ಮಾಪಕ ಮನೆ ಮಾರಬೇಕಿತ್ತು.

ಇದು ಈ ಊರಿಗೆ ಹೊಸದೇನಲ್ಲ. ಬ್ರಿಟಿಷರು ಕೆ. ಸುಬ್ರಹ್ಮಣ್ಯಂ ಅವರ ‘ತ್ಯಾಗಭೂಮಿ’ಗೆ ನಿಷೇಧ ಹಾಕುತ್ತಾರೆಂದು ಗೊತ್ತಾದ ಕೂಡಲೇ ಸಿನಿಮಾದವರು ಅದನ್ನು ಗೇಟಿ ಟಾಕೀಸಿನಲ್ಲಿ ಬಿಟ್ಟಿಯಾಗಿ ತೋರಿಸಲು ಶುರುಮಾಡಿದರು. ಬಂದ ಜನಸಾಗರವನ್ನು ಚದರಿಸಲು ಪೊಲೀಸರು ಲಾಠಿ ಎತ್ತಬೇಕಾಯಿತು. 2013ರಲ್ಲಿ ‘ವಿಶ್ವರೂಪಂ’ಗೆ ತಮಿಳುನಾಡು ಸರ್ಕಾರ 15 ದಿನ ಬೀಗ ಹಾಕಿದಾಗ ಜನ ಗಡಿ ದಾಟಿ ಪಾಲಕ್ಕಾಡಿಗೆ ಹೋಗಿ ನೋಡಿ ಬಂದರು. ನಮ್ಮವರೇನು ಕಡಿಮೆಯೇ? ಕಟ್ಟಪ್ಪನ ಪಾತ್ರದ ಸತ್ಯರಾಜ್ ಎಂದೋ ಕಾವೇರಿ ಗಲಾಟೆಯಲ್ಲಿ ಆಡಿದ ಮಾತನ್ನು ಒಂಬತ್ತು ವರ್ಷ ಜೋಪಾನ ಮಾಡಿ, ‘ಬಾಹುಬಲಿ 2’ ಬರುವ ಹೊತ್ತಿಗೆ ಸರಿಯಾಗಿ ಹೊರತೆಗೆದೆವು. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅನ್ನುವುದರ ಜತೆಗೆ ಕಟ್ಟಪ್ಪ ಕ್ಷಮೆ ಕೇಳುತ್ತಾನಾ ಅನ್ನುವ ಸಸ್ಪೆನ್ಸೂ ಸೇರಿತು. ಅವರು ವಿಷಾದ ಹೇಳಿದರು, ನಾವು ಟಿಕೆಟ್ಟಿಗೆ ಮುಗಿಬಿದ್ದೆವು.

ಕಾಸಿಮೇಡಿನ ಸ್ವಂತ ಕತೆ ‘ವಡ ಚೆನ್ನೈ’ಯದು. 2018ರ ಅಕ್ಟೋಬರ್ 17ಕ್ಕೆ ತೆರೆಕಂಡಿತು. ನಿರ್ದೇಶಕ ವೆಟ್ರಿಮಾರನ್, ಕೇರಂ ಆಡುವ ಹುಡುಗನಾಗಿ ಧನುಷ್. ಉತ್ತರ ಚೆನ್ನೈನ ಮೀನುಗಾರರು ಸಿಟ್ಟಾದರು. ಸಿಟ್ಟಿಗೆ ಕಾರಣವಿತ್ತು, ಅದನ್ನು ನಾನು ತಮಾಷೆ ಮಾಡಲಾರೆ. ಸಿನಿಮಾದವರ ಕಣ್ಣಿಗೆ ಈ ಸೀಮೆಯ ಗಂಡಸೆಂದರೆ ಮಚ್ಚು ಹಿಡಿದ ರೌಡಿ; ಬಲೆ ಹಿಡಿದವನು ಕಾಣುವುದೇ ಇಲ್ಲ. ಇಲ್ಲಿಯ ಹುಡುಗ ಕೆಲಸ ಕೇಳಲು ಹೋದಾಗ ಯಾವ ಏರಿಯಾ ಅಂತ ಕೇಳಿದರೆ ಆ ಸಿನಿಮಾಗಳೂ ಅವನ ಜತೆ ಹೋಗಿ ಕೂರುತ್ತವೆ. ಮೇಲಾಗಿ ಅನ್ನ ಕೊಡುವ ದೋಣಿಯಲ್ಲಿ ಅಮೀರ್ ಮತ್ತು ಆಂಡ್ರಿಯಾ ಅವರ ಪಾತ್ರಗಳ ಮೊದಲ ರಾತ್ರಿಯ ದೃಶ್ಯ ಬೇರೆ. ವೆಟ್ರಿಮಾರನ್ ಕ್ಷಮೆ ಕೇಳಿದರು, ದೃಶ್ಯ ತೆಗೆಯುತ್ತೇವೆಂದರು. ಮರ್ಯಾದಸ್ಥರ ಕೆಲಸ.

ಆದರೆ ನನ್ನಂಥ ಮರ್ಯಾದಸ್ಥರು ಏನು ಮಾಡಿದರು ಕೇಳಿ. ‘ಎ’ ಸರ್ಟಿಫಿಕೇಟು, ಹೊಡೆದಾಟ, ಬೇಡಪ್ಪ ಅಂತ ಸುಮ್ಮನಿದ್ದವನು ದೃಶ್ಯಕ್ಕೆ ಕತ್ತರಿ ಅನ್ನುವ ಸುದ್ದಿ ಓದಿದ ಸಂಜೆಯೇ ಆಫೀಸಿನಲ್ಲಿ ತಲೆನೋವೆಂದು ಹೇಳಿ ಥಿಯೇಟರಿಗೆ ಓಡಿದೆ. ಕತ್ತರಿ ನನಗಿಂತ ಮೊದಲೇ ಬಂದಿತ್ತು! ಪಕ್ಕದ ಸೀಟಿನವರು ಕತ್ತಲಲ್ಲೇ ಪಿಸುಗುಟ್ಟಿದರು: “ಸಾರ್, ಆ ದೋಣಿ ಸೀನು ಹೋಯ್ತಾ, ಇನ್ನೂ ಬರಬೇಕಾ?”

ಹಾಗಂತ ಗಲಾಟೆಯಾದದ್ದೆಲ್ಲ ಬಿಕರಿಯಾಗುತ್ತದೆಯೇ? 2025ರ ಮೇ ತಿಂಗಳಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತೆಂದು ಕಮಲ್ ಹಾಸನ್ ಇದೇ ಚೆನ್ನೈನಲ್ಲಿ ಹೇಳಿದ್ದಕ್ಕೆ ನಮ್ಮೂರಲ್ಲಿ ಗಲಾಟೆಯಾಗಿ, ಅವರ ‘ಥಗ್ ಲೈಫ್’ ಜೂನ್ 5ರಂದು ಕರ್ನಾಟಕದ ಹೊರಗೆ ಮಾತ್ರ ತೆರೆಕಂಡಿತು. ಆಗ ಇಲ್ಲಿ ಮೀನಿಗೂ ನಿಷೇಧ. ಮೊಟ್ಟೆಯಿಡುವ ಕಾಲವೆಂದು ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. ವಂಜರದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಿಷೇಧ ಮುಗಿದ ಮೂರನೇ ದಿನ, 17ನೇ ತಾರೀಕು, ಸಿನಿಮಾವನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೇಳಿತು. ಮುಂದಿನ ಭಾನುವಾರ ಬಂದರಿನಲ್ಲಿ ಕಾಲಿಡಲು ಜಾಗವಿಲ್ಲ. ಸಿನಿಮಾ ಮಾತ್ರ ಆಗಲೇ ಮಕಾಡೆ ಮಲಗಿತ್ತು.

ನಾನು ಕನ್ನಡದವನೆಂದು ಗೊತ್ತಿದ್ದ ಮೀನಿನ ಅಕ್ಕ ಅವತ್ತು ಕೇಳಿದರು: “ಏನು ತಂಬಿ, ನಿಮ್ಮೂರಲ್ಲಿ ಕಮಲ್ ಪಡಂ ಬಿಡಲಿಲ್ವಂತೆ?”

“ಹೌದಕ್ಕಾ,” ಅಂದೆ, ಬೈಗುಳಕ್ಕೆ ತಯಾರಾಗಿ.

“ಪುಣ್ಯವಂತರು. ನಾವು ದುಡ್ಡು ಕೊಟ್ಟು ನೋಡಿದ್ವಿ.”

ಆಮೇಲೆ ಪಕ್ಕಕ್ಕೆ ತೆಗೆದಿಟ್ಟಿದ್ದ ಒಂದು ಮೀನಿನ ಕಿವಿರು ಎತ್ತಿ ತೋರಿಸಿದರು. ಮಾಸಲು ಬಣ್ಣ, ಕೆಂಪು ಚೂರೂ ಇಲ್ಲ. “ಇದನ್ನ ಇಟ್ಕೊಂಡು ನಾನು ಎಷ್ಟು ಕಿರುಚಿದ್ರೂ ನೀನು ತಗೋತೀಯಾ?”

ಜಗಳಗಂಟಿಯರ ಕತೆ ಮುಗಿದಿಲ್ಲ. ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಮಳೆ ಹನಿಯುತ್ತಿತ್ತು, ಜನ ಕಡಿಮೆ. ಇಬ್ಬರೂ ಒಂದೇ ಐಸ್ ಪೆಟ್ಟಿಗೆಯ ಮೇಲೆ ಒತ್ತಿ ಕೂತು, ಒಂದೇ ಲೋಟದ ಟೀಯನ್ನು ಸರದಿಯ ಮೇಲೆ ಹೀರುತ್ತಿದ್ದರು. “ರಾಜಿ ಆಯ್ತಾ ಅಕ್ಕಾ?” ಅಂದೆ. ದೊಡ್ಡವಳು ನನ್ನನ್ನು ನೋಡಿದಳು, ಖಾಲಿ ದಾರಿ ನೋಡಿದಳು, ತುಂಬಿದ ಬುಟ್ಟಿ ನೋಡಿದಳು. ಸೆರಗು ಬಿಗಿದು ಎದ್ದು, ಲೋಟ ನನ್ನ ಕೈಗಿಟ್ಟಳು.

“ಇದನ್ನ ಸ್ವಲ್ಪ ಹಿಡ್ಕೋ ತಂಬಿ.”