ತೀರ್ಪುಗಾರರ ತೀರ್ಮಾನವೇ ಅಂತಿಮ

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದ ಆಮಂತ್ರಣ ಪತ್ರಿಕೆ ನೋಡಿದ್ದೀರಾ? ಗಣ್ಯರ ಹೆಸರು ಒಂದೂವರೆ ಪುಟ. ಆಟದ ನಿಯಮ ಒಂದೇ ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ.

ಇಡೀ ಪತ್ರಿಕೆಯಲ್ಲಿ ಅದೊಂದೇ ಸತ್ಯ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಪುಸ್ತಕದ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಆರು ಜನ ಆಯಿತು. ಈಗ ಅಂಕಣದ ಪಕ್ಕ ನಿಂತು ಎಣಿಸಿ. ಒಬ್ಬರು ಪಿ.ಟಿ. ಮೇಷ್ಟ್ರು, ಬಾಯಲ್ಲಿ ಸೀಟಿ. ಇನ್ನೊಬ್ಬರು ನಿಯೋಜನೆ ಮೇಲೆ ಬಂದ ಗಣಿತದ ಮೇಷ್ಟ್ರು, ಕೈಯಲ್ಲಿ ಮೊಬೈಲು. ಸ್ಕೋರು ಬರೆಯುತ್ತಿರುವವನು ಆತಿಥೇಯ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗ. ಅವನ ಅಣ್ಣ ಅದೇ ಅಂಕಣದಲ್ಲಿ ರೈಡರ್.

ಸೀಟಿ ಹಿಡಿದ ಮೇಷ್ಟ್ರು ಯಾವ ಶಾಲೆಯವರು? ಅದನ್ನೆಲ್ಲ ಕೇಳಬಾರದು. ಕೇಳಿದವರಿಗೆ ಕ್ರೀಡಾ ಮನೋಭಾವ ಇಲ್ಲ.

ಬೋನಸ್ ಗೆರೆಯ ಕಥೆ ಕೇಳಿ. ಎದುರಾಳಿಗಳು ಕನಿಷ್ಠ ಆರು ಮಂದಿ ಅಂಕಣದಲ್ಲಿರುವಾಗ ರೈಡರ್ ಆ ಗೆರೆಯಾಚೆ ಒಂದು ಕಾಲು ಊರಬೇಕು. ಹಿಂದಿನ ಕಾಲು ಆಗ ನೆಲ ಬಿಟ್ಟಿರಬೇಕು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಸಂಗತಿ ಇದು. ನೋಡಲು ಒಳ್ಳೆಯ ಕಣ್ಣು ಬೇಕು. ಅದಕ್ಕೂ ಮೊದಲು ಗೆರೆ ಬೇಕು.

ಬೆಳಗ್ಗೆ ಎಂಟಕ್ಕೆ ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಿರುತ್ತಾರೆ. ಮೊದಲ ಪಂದ್ಯ ಮುಗಿಯುವಷ್ಟರಲ್ಲಿ ಅರ್ಧ ಗೆರೆ ಹುಡುಗರ ಹಿಮ್ಮಡಿಗೆ, ಇನ್ನರ್ಧ ಅವರ ಚಡ್ಡಿಗೆ. ಮೂರನೇ ಪಂದ್ಯದ ಹೊತ್ತಿಗೆ ಬೋನಸ್ ಗೆರೆ ಉಳಿದಿರುವುದು ಅಂಪೈರ್ ಸಾಹೇಬರ ಮನಸ್ಸಿನಲ್ಲಿ ಮಾತ್ರ. ಮನಸ್ಸಿನ ಗೆರೆಗೆ ಕೈಕಾಲು ಇರುತ್ತದೆ. ಆತಿಥೇಯರ ಹುಡುಗ ಕಾಲು ಚಾಚಿದರೆ ಹತ್ತಿರ ಬರುತ್ತದೆ. ಹೊರಗಿನವನು ಚಾಚಿದರೆ ಓಡಿಹೋಗುತ್ತದೆ.

ಇನ್ನು ಉಸಿರಿನ ವಿಚಾರ. ಎದುರಾಳಿ ಅಂಕಣಕ್ಕೆ ಕಾಲಿಡುವ ಮೊದಲೇ ಕಬಡ್ಡಿ ಕಬಡ್ಡಿ ಶುರುವಾಗಬೇಕು. ಒಂದೇ ಉಸಿರಲ್ಲಿ, ಸ್ಪಷ್ಟವಾಗಿ, ಕೇಳುವಂತೆ ಹೇಳಬೇಕು. ನಿಯಮ ಇಂದಿಗೂ ಹಾಗೇ ಇದೆ. ಅದೇ ಹೊತ್ತಿಗೆ ಮೈದಾನದ ಮೈಕು ಊಟದ ಕೂಪನ್ ಪಡೆಯದವರನ್ನು ಕರೆಯುತ್ತಿರುತ್ತದೆ. ಆ ಗದ್ದಲದಲ್ಲಿ ಹನ್ನೆರಡು ವರ್ಷದ ಹುಡುಗನ ಉಸಿರು ಕಡಿದದ್ದು ಅಂಪೈರಿಗೆ ಕೇಳಿಸುತ್ತದೆ. ಅವನು ಇಬ್ಬರನ್ನು ಮುಟ್ಟಿ ವಾಪಸ್ ಬರುವಾಗ ಮಾತ್ರ ಕೇಳಿಸುತ್ತದೆ. ಬರಿಗೈಯಲ್ಲಿ ಬಂದರೆ ಉಸಿರಿನ ಗೊಡವೆ ಯಾರಿಗೂ ಇಲ್ಲ.

ಇಷ್ಟು ಚುರುಕು ಕಿವಿಯವರಿಗೆ ಹದಿನಾಲ್ಕರೊಳಗಿನವರ ತಂಡದಲ್ಲಿ ಮೀಸೆ ತಿರುವುತ್ತ ನಿಂತವನು ಮಾತ್ರ ಕಾಣುವುದಿಲ್ಲ. ದಾಖಲೆ ಸರಿಯಿದೆಯಂತೆ. ಮೀಸೆಯೇ ತಪ್ಪಿರಬೇಕು.

ಹುಡುಗಿಯರ ಪಂದ್ಯವೊಂದನ್ನು ಹಗ್ಗದ ಪಕ್ಕದಲ್ಲೇ ನಿಂತು ನೋಡಿದೆ. ದೂರದ ಹಳ್ಳಿಯ ತಂಡದ ರೈಡರ್ ಎದುರಾಳಿಯ ಭುಜ ತಟ್ಟಿದಳು. ಹಿಡಿಯಲು ಬಂದವರಿಂದ ನುಣುಚಿಕೊಂಡು ಪಕ್ಕದ ಲಾಬಿಗೆ ಹಾರಿ, ಅಲ್ಲಿಂದ ಮಧ್ಯದ ಗೆರೆ ಮುಟ್ಟಿದಳು. ಸೀಟಿ ಮೊಳಗಿತು. ರೈಡರ್ ಔಟ್.

'ಸಾರ್, ಮುಟ್ಟಿದ ಮೇಲೆ ಲಾಬಿನೂ ಸೇರುತ್ತಲ್ವಾ ಸಾರ್?'

'ಏನಮ್ಮಾ, ನಂಗೇ ರೂಲ್ಸ್ ಹೇಳಿಕೊಡ್ತೀಯಾ?'

ಯಾರಾದರೂ ಹೇಳಿಕೊಡಲೇಬೇಕಿತ್ತು. ಮುಟ್ಟಿದ ಮೇಲೆ ಲಾಬಿ ಅಂಕಣಕ್ಕೆ ಸೇರುತ್ತದೆ ಎಂಬುದು ಕಬಡ್ಡಿಯ ಅಆಇಈ. ಹುಡುಗಿ ಮರುಮಾತಾಡದೆ ಹೋಗಿ ಹೊರಗೆ ಕುಳಿತಳು. ಸ್ವಲ್ಪ ಹೊತ್ತಿಗೆ ಆತಿಥೇಯ ತಂಡದ ರೈಡರ್ ಅದೇ ಲಾಬಿಯಲ್ಲಿ ಅದೇ ರೀತಿ ಬಂದಳು. ಪಾಯಿಂಟ್. ಎದುರು ತಂಡದವರು ಬಾಯಿ ತೆರೆಯುವ ಮೊದಲೇ ಸಾಹೇಬರು ಗದರಿದರು: 'ಮುಟ್ಟಿದಾಳಮ್ಮಾ, ಲಾಬಿ ಸೇರುತ್ತೆ, ಅಷ್ಟೂ ಗೊತ್ತಿಲ್ವಾ?'

ಪಾಠ ಬೇಗ ಕಲಿಯುವ ಮೇಷ್ಟ್ರು.

ಖೋ ಖೋ ಅಂಕಣಕ್ಕೆ ಹೋದರೂ ಇದೇ ಹಾಡು. ಬೆನ್ನು ಮುಟ್ಟಿ ಖೋ ಅಂದನೋ, ಅಂದ ಮೇಲೆ ಮುಟ್ಟಿದನೋ, ಮುಟ್ಟದೇ ಅಂದನೋ ಎನ್ನುವುದೆಲ್ಲ ಅವನ ಬೆನ್ನ ಮೇಲಿನ ಜೆರ್ಸಿಯ ಬಣ್ಣಕ್ಕೆ ಬಿಟ್ಟದ್ದು.

ಹಳ್ಳಿ ಮೈದಾನದ ಸಣ್ಣತನ ಎಂದು ಮೂಗು ಮುರಿಯುವವರಿಗೆ 2023ರ ಅಕ್ಟೋಬರ್ ನೆನಪಿರಲಿ. ಹಾಂಗ್‌ಝೌ ಏಷ್ಯನ್ ಗೇಮ್ಸ್, ಪುರುಷರ ಕಬಡ್ಡಿ ಫೈನಲ್, ಭಾರತ ಮತ್ತು ಇರಾನ್ 28-28. ಆಟ ಮುಗಿಯಲು ನಿಮಿಷವೊಂದು ಬಾಕಿ. ನಮ್ಮ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಇರಾನಿನವರು ಬೆನ್ನಟ್ಟಿ ಲಾಬಿಗೇ ಬಂದರು. ಹಳೆಯ ನಿಯಮದಂತೆ ಬೆನ್ನಟ್ಟಿದವರೂ ಔಟ್. ಹೊಸ ನಿಯಮದಂತೆ ರೈಡರ್ ಒಬ್ಬನೇ ಔಟ್. ಅಂಪೈರ್‌ಗಳು ಪಾಯಿಂಟ್ ಕೊಟ್ಟರು, ಕಿತ್ತುಕೊಂಡರು, ಮತ್ತೆ ಕೊಟ್ಟರು. ನಮ್ಮವರು ಮ್ಯಾಟ್ ಮೇಲೆ ಧರಣಿ ಕೂತರು. ಅವರೂ ಕೂತರು. ಹತ್ತಿರ ಹತ್ತಿರ ಒಂದು ಗಂಟೆ ಆಟವೇ ಇಲ್ಲ. ಕೊನೆಗೆ 33-29, ಚಿನ್ನ ನಮಗೆ.

ಪಟಾಕಿ ಹೊಡೆದೆವು. ಯಾವ ನಿಯಮದ ಪ್ರಕಾರ ಗೆದ್ದೆವೆಂದು ಎಷ್ಟು ಜನ ಕೇಳಿದೆವು? ತೀರ್ಪು ಅತ್ತ ಹೋಗಿದ್ದರೆ ನಮ್ಮಲ್ಲಿ ಎಷ್ಟು ನಿಯಮತಜ್ಞರು ಹುಟ್ಟಿಕೊಳ್ಳುತ್ತಿದ್ದರು ಲೆಕ್ಕ ಹಾಕಿ. ಅಂದ ಹಾಗೆ, ಈ ಆಟದ ರಾಷ್ಟ್ರೀಯ ಒಕ್ಕೂಟಕ್ಕೆ 2018ರಲ್ಲಿ ದೆಹಲಿ ಹೈಕೋರ್ಟೇ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ಒಕ್ಕೂಟಕ್ಕೇ ಅಂಪೈರ್ ಬೇಕಾಯಿತು ಎಂದರೆ ಮಕ್ಕಳ ಗತಿ ಕೇಳಬೇಕೆ?

ಮಕ್ಕಳು ಟಿ.ವಿ. ನೋಡುತ್ತಾರೆ, ಅದೇ ತೊಂದರೆ. 2014ರಿಂದ ಪ್ರೊ ಕಬಡ್ಡಿ ನೋಡಿ ನೋಡಿ ಅವರಿಗೆ ನಿಯಮ ಬಾಯಿಪಾಠ. ಅಲ್ಲಿ ಅನುಮಾನ ಬಂದರೆ ರಿವ್ಯೂ ಇದೆ, ನಿಧಾನಗತಿಯಲ್ಲಿ ಕಾಲಿನ ಹೆಬ್ಬೆರಳು ತೋರಿಸುತ್ತಾರೆ. ಇಲ್ಲೊಬ್ಬ ಪುಟಾಣಿ ಅಂಗೈಗೆ ಅಂಗೈ ಅಡ್ಡ ಹಿಡಿದು ರಿವ್ಯೂ ಕೇಳಿದ. ಕಿವಿ ಹಿಂಡಿಸಿಕೊಂಡ. ತೀರ್ಪು ಪರಿಶೀಲನೆ ಮುಗಿಯಿತು.

ದೊಡ್ಡವರಿಗೆ ಲಿಖಿತ ಆಕ್ಷೇಪಣೆಯ ದಾರಿ ಇದೆ. ಶುಲ್ಕ ಕಟ್ಟಬೇಕು, ಆಕ್ಷೇಪಣೆ ಬಿದ್ದುಹೋದರೆ ಶುಲ್ಕವೂ ಹೋಯಿತು. ವಿಚಾರಣೆ ಮಾಡುವ ಸಮಿತಿಯಲ್ಲಿ ಯಾರಿರುತ್ತಾರೆ? ಸೀಟಿ ಊದಿದವರು, ಅವರ ಪಕ್ಕದಲ್ಲಿ ನಿಂತವರು, ಇಬ್ಬರಿಗೂ ಟೀ ಕೊಡಿಸಿದವರು.

ಸೋತವರು ಗೊಣಗಿದರೆ ಗಾದೆ ರೆಡಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನಿಜಕ್ಕೂ ಡೊಂಕಿದೆ ಸ್ವಾಮಿ. ಬಲಗಡೆ ಕಲ್ಲು, ಎಡಗಡೆ ಮೊನ್ನೆಯ ಮಳೆಯ ಗುಂಡಿ. ಬಂದು ನೋಡಿ.

ಹಾಗಂತ ಇಲ್ಲಿ ಗೊಣಗುವವರು ಹರಿಶ್ಚಂದ್ರನ ಮೊಮ್ಮಕ್ಕಳಲ್ಲ. ಇಂದು ಅನ್ಯಾಯ ಅನ್ಯಾಯ ಎಂದು ಎದೆ ಬಡಿದುಕೊಂಡ ಮೇಷ್ಟ್ರ ಶಾಲೆಯಲ್ಲಿ ಮುಂದಿನ ವರ್ಷ ಕ್ರೀಡಾಕೂಟ. ಆಗ ಸೀಟಿ ಅವರ ಕೊರಳಿಗೆ. ಇಂದು ಊದಿದವರು ಅಂದು ಎದೆ ಬಡಿದುಕೊಳ್ಳುತ್ತಾರೆ. ಸರದಿ ಪ್ರಕಾರ ಅನ್ಯಾಯ, ಯಾರಿಗೂ ನಷ್ಟವಿಲ್ಲ. ಪೋಷಕರೂ ಅಷ್ಟೇ. ತಮ್ಮ ಮಗನಿಗೆ ಸಿಕ್ಕ ಸುಳ್ಳು ಪಾಯಿಂಟಿಗೆ ಶಿಳ್ಳೆ, ಪಕ್ಕದವರ ಮಗನಿಗೆ ಸಿಕ್ಕ ನಿಜ ಪಾಯಿಂಟಿಗೆ ಶಾಪ.

ಪುಸ್ತಕದ ಪ್ರಕಾರ ಸಬ್ ಜೂನಿಯರ್ ಪಂದ್ಯ ಹದಿನೈದು ನಿಮಿಷದ ಎರಡು ಅವಧಿ. ನಮ್ಮಲ್ಲಿ ಅದು ಏಳು ನಿಮಿಷಕ್ಕೆ ಇಳಿದಿತ್ತು. ಕಾರಣ, ಉದ್ಘಾಟಕರು ಎರಡು ಗಂಟೆ ತಡವಾಗಿ ಬಂದರು. ಬಂದವರು ಶಿಸ್ತು ಮತ್ತು ಸಮಯಪಾಲನೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಕೇಳಿದರು. ಅವರ ಭಾಷಣಕ್ಕೆ ಸೀಟಿ ಊದುವ ಅಂಪೈರ್ ಇನ್ನೂ ಹುಟ್ಟಿಲ್ಲ. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಾರ, ಪೇಟ ಸಂದವು. ಗೆರೆಗೆ ಮತ್ತೊಮ್ಮೆ ಸುಣ್ಣ ಹಾಕಿಸಿ ಎಂದರೆ ಅನುದಾನ ಇಲ್ಲ ಎಂಬ ಉತ್ತರ. ಬೇರೆ ತಾಲ್ಲೂಕಿನ ಅಂಪೈರ್‌ಗಳನ್ನು ಕರೆಸಿ ಎಂದದ್ದಕ್ಕೆ ಬಸ್ ಚಾರ್ಜ್ ಯಾರು ಕೊಡಬೇಕೆಂದು ನನ್ನನ್ನೇ ಕೇಳಿದರು. ಎರಡು ಪೇಟ ಕಡಿಮೆ ಮಾಡಿದರೆ ಸಾಕಾಗುತ್ತಿತ್ತು.

ಸಮಾರೋಪಕ್ಕೆ ಇನ್ನೊಬ್ಬ ಗಣ್ಯರು. ಮಕ್ಕಳೇ, ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದೇ ಮುಖ್ಯ ಎಂದರು. ಜೋರು ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಗೆದ್ದ ಶಾಲೆಯ ಹೆಡ್‌ಮಾಸ್ಟರು. ಮುಖ್ಯವಲ್ಲದ ಆ ಕಪ್ಪು ಈಗ ಅವರ ಕೊಠಡಿಯ ಗಾಜಿನ ಬೀರುವಿನಲ್ಲಿದೆ. ಬೀರುವಿಗೆ ಬೀಗ. ಬೀಗದ ಕೈ ಪಿ.ಟಿ. ಮೇಷ್ಟ್ರ ಜೇಬಿನಲ್ಲಿ, ಸೀಟಿಯ ಪಕ್ಕ.