ಗಂಟು ಬಿಚ್ಚುವವರು

ನಮ್ಮ ಶಿರಹಟ್ಟಿಯಲ್ಲಿ ಈಗ ವಯಸ್ಸಾದವರು ಎರಡು ತರಹ. ಮಕ್ಕಳ ಹತ್ತಿರ ಹೋಗಿ ಬಂದವರು, ಮಕ್ಕಳ ಹತ್ತಿರ ಹೋಗಬೇಕಾದವರು. ಮಕ್ಕಳು ಬೆಂಗಳೂರಿನಲ್ಲಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗಾಗುವುದರೊಳಗೆ ಬಂತು. ಹೋಗುವುದು ಅಂದರೆ ಸಮುದ್ರ ದಾಟಿ ಹೋಗುವುದು. ಹಾಗೆ ಹೋಗಿ ಬಂದವರಿಗೆ ಊರು ಕೇಳುವ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಮೊದಲು, ‘ಯಾವಾಗ ಬಂದ್ರಿ?’ ಆಮೇಲೆ, ‘ಥಂಡಿ ಭಾಳ ಐತಂತಲ್ರಿ ಅಲ್ಲೆ?’ ಮೂರನೆಯದು, ದನಿ ತುಸು ತಗ್ಗಿಸಿ, ‘ಹೊತ್ತು ಹೆಂಗ ಹೋಗ್ತೈತ್ರಿ?’ ಮೊದಲೆರಡಕ್ಕೆ ಎಲ್ಲರೂ ನಿಜ ಹೇಳುತ್ತಾರೆ.

ಮೂರನೆಯದಕ್ಕೆ ಸಿಗುವ ಉತ್ತರ, ‘ಏ, ಆರಾಮ ಹೋಗ್ತೈತಿ. ಮೊಮ್ಮಕ್ಕಳು ಅದಾವಲ್ಲ.’ ಮೊಮ್ಮಕ್ಕಳು ಇರುವುದು ಖರೆ. ಆದರೆ ಅವು ಬೆಳಿಗ್ಗೆ ಎದ್ದು ಶಾಲೆಗೆ ಹೋಗುತ್ತವೆ. ಬಂದ ಕೂಡಲೆ ಈಜು, ಅದಾದ ಮೇಲೆ ಪಿಯಾನೊ, ಅದೂ ಆದ ಮೇಲೆ ಶಾಲೆಯ ಗಣಿತ ಸಾಲದೆಂದು ಇನ್ನೊಂದು ಗಣಿತ. ಅಜ್ಜನ ಹತ್ತಿರ ಇಡೀ ದಿವಸ ಇದೆ, ಮೊಮ್ಮಗನ ಹತ್ತಿರ ಹತ್ತು ನಿಮಿಷ. ಈ ವ್ಯಾಪಾರ ಕುದುರುವುದಿಲ್ಲ.

ನಿಜ ಹೇಳಿದವರು ನಮ್ಮ ಕಟ್ಟೆಯ ಮಾಸ್ತರರು ಒಬ್ಬರೇ. ಕಟ್ಟೆ ಅಂದರೆ ದೊಡ್ಡದೇನಲ್ಲ. ಫಕೀರೇಶ್ವರ ಮಠದ ಕಡೆ ಹೋಗುವ ಹಾದಿಯಲ್ಲಿ ಒಂದು ಬೇವಿನ ಗಿಡ, ಅದರ ಬುಡಕ್ಕೆ ನಾಲ್ಕು ಜನ ಕೂಡುವಷ್ಟು ಕಲ್ಲು, ಕೂಗಿದರೆ ಕೇಳುವಷ್ಟು ದೂರದಲ್ಲಿ ಚಹಾದಂಗಡಿ. ಸಂಜೆ ಅಲ್ಲಿ ನಾಲ್ಕು ಕೈಯ ಇಸ್ಪೀಟು ನಡೆಯುತ್ತದೆ. ದುಡ್ಡು ಕಟ್ಟುವುದಿಲ್ಲ, ಮರ್ಯಾದೆ ಕಟ್ಟುತ್ತೇವೆ. ಅದು ದುಡ್ಡಿಗಿಂತ ಬೇಗ ಹೋಗುತ್ತದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮಾಸ್ತರರು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗನ ಮನೆಯಿಂದ ಬಂದ ಮರುದಿನವೇ ಅಲ್ಲಿ ಹಾಜರಾದರು. ಮೂರನೆಯ ಪ್ರಶ್ನೆ ಬಂತು. ಎಲೆ ಕಲಸುತ್ತ ಅವರು ಹೇಳಿದರು: ‘ಸುಳ್ಳ ಯಾಕ ಹೇಳ್ಲಿ. ಮೊದಲ ತಿಂಗಳು ಫ್ರಿಜ್ಜಿನ ಸಪ್ಪಳಾ ಕೇಳಕೋತ ಕುಂತಿದ್ದೆ.’

ಇದನ್ನು ಕೇಳಿ ನಕ್ಕೆವು. ಆಮೇಲೆ ಒಬ್ಬರು ಸರಿಯಾದ ತಕರಾರು ತೆಗೆದರು. ಇಲ್ಲಿ ಕೂತು ನಾವಾದರೂ ಏನು ಕಡಿದು ಕಟ್ಟೆ ಹಾಕುತ್ತೇವೆ? ಶಿರಹಟ್ಟಿಯಲ್ಲಿ ಬೇಸಿಗೆಯ ಜಾತ್ರೆ ಒಂದು ಬಿಟ್ಟರೆ ಘನವಾದದ್ದೇನೂ ಸಂಭವಿಸುವುದಿಲ್ಲ. ತಾಲೂಕು ಕಚೇರಿಯಲ್ಲಿ ಸಾಹೇಬರ ವರ್ಗವಾದರೆ ಅದೇ ಎಂಟು ದಿನದ ಸುದ್ದಿ. ಮಾಡಲು ಏನೂ ಇಲ್ಲದಿರುವುದೇ ಬೇಸರಕ್ಕೆ ಕಾರಣವಾಗಿದ್ದರೆ ಈ ಊರಲ್ಲಿ ಅರವತ್ತು ದಾಟಿದ ಒಬ್ಬರೂ ಉಳಿಯುತ್ತಿರಲಿಲ್ಲ.

ತಕರಾರು ನನ್ನ ತಲೆಯಲ್ಲೇ ಉಳಿಯಿತು. ನಾನೂ ಮಗಳ ಮನೆಗೆಂದು ಡಲ್ಲಾಸಿನ ಕಡೆ ಹೋಗಿ ಬಂದವನು. ಅಲ್ಲಿ ಅಗಲವಾದ ರಸ್ತೆ, ಕತ್ತರಿಸಿ ಇಟ್ಟ ಹುಲ್ಲು, ಮನೆಮನೆಗೂ ಗಿಡ, ಮನುಷ್ಯ ಮಾತ್ರ ಇಲ್ಲ. ನಾಯಿ ಹಿಡಿದುಕೊಂಡು ಬಂದವರು ಸಿಕ್ಕರೆ ನಗುತ್ತಾರೆ, ‘ಹಾಯ್’ ಅನ್ನುತ್ತಾರೆ, ನಿಲ್ಲುವುದಿಲ್ಲ. ಇಲ್ಲಿ ಒಂದು ಸಿವುಡು ಕೊತ್ತಂಬರಿ ತರಲು ಹೊರಬಿದ್ದರೆ ‘ಎಲ್ಲಿಗಿ ಹೊಂಟ್ರಿ?’ ಎಂದು ಕೇಳದೆ ಯಾರೂ ಬಿಡುವುದಿಲ್ಲ. ಕೈಯಲ್ಲಿ ಚೀಲ ಕಾಣುತ್ತಿದ್ದರೂ ಕೇಳುತ್ತಾರೆ. ಹೇಳಿದರೂ ನಂಬುವುದಿಲ್ಲ. ಕೊತ್ತಂಬರಿ ಮನೆ ಮುಟ್ಟುವ ಹೊತ್ತಿಗೆ ಸಾರು ಕುದ್ದು ಆರಿರುತ್ತದೆ. ಇದರ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಎಂದರೆ, ವಯಸ್ಸಿನಲ್ಲಿದ್ದಾಗ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಡಲ್ಲಾಸಿನಲ್ಲಿ ಹಿಂದಿನ ಓಣಿ ಹಿಡಿಯುವ ಅವಶ್ಯಕತೆಯೇ ಬೀಳಲಿಲ್ಲ.

ವಾಚನಾಲಯದಲ್ಲೂ ಇದೇ. ನಮ್ಮಲ್ಲಿ ಬರುವ ಒಂದು ‘ಸಂಯುಕ್ತ ಕರ್ನಾಟಕ’ ಬೆಳಿಗ್ಗೆಯೇ ಹಾಳೆಹಾಳೆಯಾಗಿ ಹಂಚಿಹೋಗುತ್ತದೆ. ಮೊದಲ ಪುಟ ಒಬ್ಬರ ಕೈಯಲ್ಲಿ, ಜಿಲ್ಲೆಯ ಪುಟ ಇನ್ನೊಬ್ಬರ ಕೈಯಲ್ಲಿ. ನನ್ನ ಪಾಲಿಗೆ ಬಂದ ಸುದ್ದಿಯ ಉಳಿದರ್ಧ ಅವರ ಹತ್ತಿರ ಇರುತ್ತದೆ, ಆದ್ದರಿಂದ ಅವರು ಬೇಕು. ಅಮೆರಿಕದ ಗ್ರಂಥಾಲಯಗಳು ಅರಮನೆಗಳು. ಮೆತ್ತನೆಯ ಕುರ್ಚಿ, ಎಲ್ಲರಿಗೂ ಪೂರ್ತಿ ಪತ್ರಿಕೆ, ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರಬೇಕು ಅನ್ನಿಸುವಷ್ಟು ಶಾಂತಿ. ಯಾರಿಗೂ ಯಾರ ಹಾಳೆಯೂ ಬೇಡ.

ಮಾಸ್ತರರ ದೊಡ್ಡ ಸಂಕಟ ಗಡಿಯಾರದ್ದು. ಮೂವತ್ತು ವರ್ಷ ರೇಖಾಂಶ ಕಲಿಸಿದವರು, ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ತಾಸಿನ ಅಂತರವೆಂದು ನಿದ್ದೆಯಲ್ಲೂ ಹೇಳಬಲ್ಲವರು. ಆದರೆ ಅಲ್ಲಿ ನವೆಂಬರಿನಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಅಂತರ ಹದಿಮೂರೂವರೆ ಆಗುತ್ತದೆ. ಆಗಿನಿಂದ ಅವರ ಫೋನು ನಮಗೆ ನಸುಕಿನಲ್ಲಿ ಬರಹತ್ತಿತು. ನಿದ್ದೆಗಣ್ಣಿನಲ್ಲಿ ಎತ್ತಿದರೆ ಕೇಳುವ ಪ್ರಶ್ನೆ, ‘ನಿನ್ನೆ ಯಾರು ಗೆದ್ರು?’

ಅಕ್ಕೋರಿಗೆ, ಅಂದರೆ ಮಾಸ್ತರರ ಮನೆಯವರಿಗೆ, ಗಡಿಯಾರದ ತೊಂದರೆ ಇರಲಿಲ್ಲ. ಕಾಲಿನದಿತ್ತು. 2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರು ಆಧಾರ್ ಕಾರ್ಡ್ ತೋರಿಸಿ ಗದಗಿಗೆ, ಲಕ್ಷ್ಮೇಶ್ವರಕ್ಕೆ, ಮನಸ್ಸು ಬಂದರೆ ಧರ್ಮಸ್ಥಳದವರೆಗೂ ಹೋಗಿ ಬರುವವರು. ಗಂಡನಿಗೆ ಹೇಳಿ ಹೋಗುತ್ತಿದ್ದರು, ಕೇಳಿ ಹೋಗುತ್ತಿರಲಿಲ್ಲ. ಅಲ್ಲಿ ಒಂದು ಲಿಂಬೆಹಣ್ಣು ಬೇಕಾದರೂ ಶನಿವಾರ ಮಗನಿಗೆ ಪುರಸೊತ್ತಾಗಬೇಕು. ಕಾರು ಓಡಿಸಲು ಬಾರದವರಿಗೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಕಾಲಿಲ್ಲ. ಮಗ ಒಳ್ಳೆಯವನೇ. ವಾರವಿಡೀ ಮೀಟಿಂಗು ಮಾಡಿ ಶನಿವಾರ ಬೆಳಿಗ್ಗೆ, ‘ಎಲ್ಲಿಗ್ ಹೋಗೋಣ್ರಿ ಅವ್ವಾ?’ ಎಂದು ಕೇಳುವವನು. ಹಾಗೆ ಕೇಳಿಸಿಕೊಳ್ಳುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಅಲ್ಲಿಯ ಕನ್ನಡದವರು ಏನೂ ಮಾಡಿಲ್ಲವೆಂದಲ್ಲ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1973ರಿಂದಲೇ ಕನ್ನಡ ಕೂಟವಿದೆ. ಯುಗಾದಿಗೆ ಒಬ್ಬಟ್ಟು ಉಂಟು, ರಾಜ್ಯೋತ್ಸವಕ್ಕೆ ನಾಟಕ ಉಂಟು. ಮುಂದಿನ ಸಾಲಿನಲ್ಲಿ ಕೂಡಿಸಿ ಹಿರಿಯರೆಂದು ಶಾಲು ಹೊದಿಸುವುದೂ ಉಂಟು. ಇದೆಲ್ಲ ಚೆಂದವೇ. ಆದರೆ ಒಂಟಿತನ ಹಬ್ಬದ ದಿನ ಬರುವುದಿಲ್ಲ. ಅದು ಬರುವುದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಊಟವಾಗಿ, ನಿದ್ದೆಯೂ ಮುಗಿದು, ಚಹಾಕ್ಕೆ ಇನ್ನೂ ಹೊತ್ತಿರುವಾಗ. ಮಂಗಳವಾರ ಮೂರು ಗಂಟೆಗೆ ಯಾವ ಕೂಟವೂ ಇರುವುದಿಲ್ಲ. ಇದನ್ನು ಚೆನ್ನಾಗಿ ತಿಳಿದುಕೊಂಡವರು ಅದೇ ಫ್ರೀಮಾಂಟಿನ ಪಂಜಾಬಿ ಮುದುಕರು. ಮಾಲಿನ ಕಾಂಕ್ರೀಟು ಹೂಕುಂಡಗಳ ಅಂಚಿನ ಮೇಲೆ ವಾರದಲ್ಲಿ ಐದು ದಿನ ಕೂಡುತ್ತಿದ್ದ ಅವರ ಬಗ್ಗೆ 2009ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬರೆದಿತ್ತು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರು ನೂರು ವರ್ಷ ಬಾಳುವವರ ಕ್ಲಬ್ಬು. ಕೊಳ್ಳುವುದೇನೂ ಇಲ್ಲದೆ ಅಂಗಡಿಗಳ ನಡುವೆ ಕೂತು ಮಾತಾಡುವುದು! ಶಿರಹಟ್ಟಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಾಸ್ತರರಿಗೆ ಪಂಜಾಬಿ ಬಾರದು. ಅವರನ್ನು ಉಳಿಸಿದ್ದು ಚೀನಾದ ಒಬ್ಬ ಮುದುಕ. ಪಕ್ಕದ ಮನೆ, ನಡುವೆ ಎದೆಮಟ್ಟದ ಕಟ್ಟಿಗೆಯ ಬೇಲಿ. ಹೊತ್ತು ಹೋಗದೆ ಮಾಸ್ತರರು ಹಿತ್ತಲಿನಲ್ಲಿ ಹೀರೇಕಾಯಿ ಬಳ್ಳಿ ಹಬ್ಬಿಸಿದ್ದರು. ಚೀನಾದವರೂ ಹೀರೇಕಾಯಿ ತಿನ್ನುತ್ತಾರೆಂದು ಅವರ ಭೂಗೋಳದ ಪುಸ್ತಕದಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ತಾವು ಬಳ್ಳಿಗೆ ಕಟ್ಟಿದ ಸುತಳಿಯ ಗಂಟನ್ನೆಲ್ಲ ಯಾರೋ ಬಿಚ್ಚಿ, ಸಡಿಲ ಮಾಡಿ, ಬೇರೆ ತರಹ ಕಟ್ಟಿದ್ದಾರೆ. ಬೇಲಿಯ ಆಚೆ ಆ ಮುದುಕ ನಿಂತು, ಬಳ್ಳಿಯ ಕುತ್ತಿಗೆ ಬಿಗಿಯುತ್ತದೆ ಎಂದು ತನ್ನ ಕುತ್ತಿಗೆಯನ್ನೇ ಹಿಡಿದು ತೋರಿಸಿದ. ಮಾಸ್ತರರು ಎಲ್ಲವನ್ನೂ ಬಿಚ್ಚಿ ಮತ್ತೆ ತಮ್ಮಂತೆಯೇ ಕಟ್ಟಿದರು. ಮರುದಿನ ಆತ ಮತ್ತೆ ಬಿಚ್ಚಿದ. ಇವರು ಕನ್ನಡದಲ್ಲಿ ಬೈದರು, ಆತ ಚೀನೀ ಭಾಷೆಯಲ್ಲಿ ಬೈದ. ಇಬ್ಬರೂ ಬಾಯಿ ತುಂಬ ಮಾತಾಡಿ ಎಷ್ಟೋ ದಿನವಾಗಿತ್ತು. ಅಲ್ಲಿಂದ ಮುಂದೆ ಹತ್ತು ಗಂಟೆಗೆ ಬೇಲಿಯ ಹತ್ತಿರ ಹೋಗುವುದು ಇಬ್ಬರಿಗೂ ನೌಕರಿಯಾಯಿತು.

‘ಬ್ಯಾರೇ ದೇಶದಾಗ ಬಂದು, ನನ್ನ ಹಿತ್ತಲದಾಗ, ನನ್ನ ಗಂಟು ಬಿಚ್ಚಿದಾ!’ ಎಂದು ಮಾಸ್ತರರು ಹೇಳುವಾಗ ಅವರ ಮುಖದ ಮೇಲಿದ್ದದ್ದು ಸಿಟ್ಟಲ್ಲ. ಐದು ತಿಂಗಳಲ್ಲಿ ಸಿಕ್ಕವರೆಲ್ಲ ಅವರಿಗೆ ಮರ್ಯಾದೆ ಕೊಟ್ಟಿದ್ದರು. ಅವರ ಕೆಲಸದಲ್ಲಿ ಕೈ ಹಾಕಿದವನು ಇವನೊಬ್ಬನೇ.

ನನಗೆ ಆಗ ನೆನಪಾದವನು ಆದಯ್ಯ. ಶಿರಹಟ್ಟಿಯಿಂದ ಅರ್ಧ ತಾಸು ಬಸ್ಸಿನಲ್ಲಿ ಕೂತರೆ ಲಕ್ಷ್ಮೇಶ್ವರ, ಹಳೆಯ ಪುಲಿಗೆರೆ. ಅಲ್ಲಿಯ ಸೋಮೇಶ್ವರ ಗುಡಿಯ ಕಥೆಯೆಲ್ಲ ಈ ಪರದೇಶಿಯದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ, ಪದ್ಮಾವತಿ ಎಂಬ ಜೈನ ಹುಡುಗಿಯನ್ನು ಮೆಚ್ಚಿ ಮದುವೆಯಾದ, ಇಲ್ಲೇ ನಿಂತ. ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಮನೆಗೆ ಕರೆದ ಶಿವಭಕ್ತರ ಊಟದ ವಿಷಯಕ್ಕೆ ಮಾವನ ಮನೆಯವರೊಂದಿಗೆ ಜಗಳ ಹತ್ತಿ, ಪಂಥ ಕಟ್ಟಿ, ಊರಿಗೆ ಹೋಗಿ ತನ್ನ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದ ಎಂಬುದು ಕಥೆ. ಪುರಾಣದ ಭಾಗ ಪುರಾಣಕ್ಕಿರಲಿ. ಗುಜರಾತದ ಈ ವ್ಯಾಪಾರಿ ಕೊನೆಗೆ ಕನ್ನಡದಲ್ಲಿ ವಚನ ಬರೆದ, ಒಂದೆರಡಲ್ಲ, ನೂರಾರು. ಅಂಕಿತ ಮಾತ್ರ ತನ್ನೂರ ದೇವರದೇ, ಸೌರಾಷ್ಟ್ರ ಸೋಮೇಶ್ವರ. ಮಾವನ ಮನೆಯವರು ಅಳಿಯದೇವರೆಂದು ಕೂಡಿಸಿ ಬರೇ ಹೋಳಿಗೆ ಬಡಿಸಿದ್ದರೆ ಆದಯ್ಯ ಆರು ತಿಂಗಳಿಗೆ ಗಂಟುಮೂಟೆ ಕಟ್ಟುತ್ತಿದ್ದ ಎಂದು ನನ್ನ ಗುಮಾನಿ. ಜಗಳ ಅವನನ್ನು ಊರಿನವನನ್ನಾಗಿ ಮಾಡಿತು. ಇದಕ್ಕೆ ವಿದ್ವಾಂಸರ ಒಪ್ಪಿಗೆ ಸಿಗಲಿಕ್ಕಿಲ್ಲ, ಕಟ್ಟೆಯ ಒಪ್ಪಿಗೆ ಸಿಕ್ಕಿದೆ.

ಆರು ತಿಂಗಳು ಅಂದೆನಲ್ಲ. ಅಮೆರಿಕಕ್ಕೆ ಮಕ್ಕಳನ್ನು ನೋಡಲು ಹೋದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವ ಗಡುವು ಅಷ್ಟೇ. ಹೆಚ್ಚುಕಡಿಮೆ ಅದೇ ಗಡುವಿನ ಮೇಲೆ ನಮ್ಮ ತಾಲೂಕಿಗೂ ಪರದೇಶದವರು ಬರುತ್ತಾರೆ. ಚಳಿಗಾಲ ಹತ್ತಿರವಾದಾಗ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಇಳಿಯುತ್ತವೆ, ಬಿಸಿಲು ಏರುವ ಹೊತ್ತಿಗೆ ಹೊರಡುತ್ತವೆ. ಕೆರೆಯಲ್ಲಿ ಆರಾಮವಾಗಿ ತೇಲುವುದು, ಸುತ್ತಲಿನ ಹೊಲಗಳಲ್ಲಿ ಮೇಯುವುದು, ಗದ್ದಲವೋ ಗದ್ದಲ. ಅವುಗಳನ್ನು ನೋಡುತ್ತ ನಿಂತಾಗ ಮಾಸ್ತರರು, ‘ಇವಕ್ಕ ಬ್ಯಾಸರಿಲ್ಲ ನೋಡ್ರಿ’ ಅಂದರು. ಹೇಗೆ ಬಂದೀತು? ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಮುದುಕ ಬಾತು ಒಂದನ್ನೇ ಯಾರೂ ಕಳಿಸುವುದಿಲ್ಲ. ಅವು ಕಟ್ಟೆಯನ್ನೇ ಕಟ್ಟಿಕೊಂಡು ಬರುತ್ತವೆ.

ಇಷ್ಟು ಹೊತ್ತು ಗಂಡಸರದೇ ಆಯಿತು. ಹೊತ್ತು ಹೋಗುವುದಿಲ್ಲ ಅನ್ನುವುದು ಬಹುಮಟ್ಟಿಗೆ ಗಂಡಸರ ಗೋಳು. ಅಜ್ಜಿಯರು ಹೋಗುವುದೇ ಬಾಣಂತನಕ್ಕೆ, ಅವರಿಗೆ ಹೊತ್ತು ಸಾಲುವುದಿಲ್ಲ. ಆದರೆ ಕೆಲಸ ತುಂಬಿದ ಮನೆಯಲ್ಲೂ ಒಂಟಿಯಾಗಿರಬಹುದು, ಅದನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ಅಕ್ಕೋರು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನ ಹುಡುಕಿಕೊಂಡರು. ದೇವರಿಗಿಂತ ಹೆಚ್ಚಾಗಿ ಅಲ್ಲಿಯ ಹೆಂಗಸರನ್ನು. ತೆಲುಗಿನವರು, ತಮಿಳರು, ಇವರು, ಎಲ್ಲರೂ ಕೂತು ಹೂ ಕಟ್ಟುವುದು, ಕೈ ಒಂದು ಕಡೆ, ಬಾಯಿ ಒಂದು ಕಡೆ. ಸೊಸೆಯರ ಬಗ್ಗೆ ಮಾತಾಡಲು ಒಂದೇ ಭಾಷೆ ಬೇಕೆಂದಿಲ್ಲ ಎಂಬುದು ಅವರು ತಂದ ಸುದ್ದಿ. ಅಲ್ಲಿ ಒಬ್ಬಾಕೆಗೆ ಕಡಕ್ ರೊಟ್ಟಿ ತಟ್ಟುವುದನ್ನು ಕಲಿಸಿದರು. ಆಕೆ ಮೊದಲ ದಿನವೇ, ಇದಕ್ಕೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿದರೆ ಚೆನ್ನಾಗಿರುತ್ತದೆ ಎಂದು ತಿದ್ದಿದಳಂತೆ. ‘ಜ್ವಾಳದ ರೊಟ್ಟಿಗೆ ಅಕ್ಕಿಹಿಟ್ಟು!’ ಎಂದು ಅಕ್ಕೋರು ಈಗಲೂ ಹೇಳುತ್ತಾರೆ. ವಾರಕ್ಕೊಮ್ಮೆ ಆಕೆಯ ಫೋನು ಬರುತ್ತದೆ.

ಈಗ ಹೊಸ ಪ್ರಶ್ನೆ ಎದ್ದಿದೆ. ಮಗ ಅಲ್ಲಿಯ ಪ್ರಜೆಯಾಗಿದ್ದಾನೆ, ತಂದೆತಾಯಿಗೆ ಗ್ರೀನ್ ಕಾರ್ಡು ಮಾಡಿಸುತ್ತೇನೆ ಅನ್ನುತ್ತಾನೆ. ಆದರೆ ಅದು ಬಂದರೆ ಅಲ್ಲೇ ನೆಲೆಸಬೇಕು, ಊರಲ್ಲಿ ಬಹಳ ದಿನ ಉಳಿದರೆ ಕೈತಪ್ಪುವ ಭಯ. ಮಾಸ್ತರರು ವಿಷಯವನ್ನು ಕಟ್ಟೆಗೆ ತಂದರು. ಕಟ್ಟೆ ಅದನ್ನು ಗಂಭೀರವಾಗಿ ತೆಗೆದುಕೊಂಡು ಎಂಟು ದಿನ ಚರ್ಚಿಸಿತು. ದವಾಖಾನೆಯ ಖರ್ಚು, ಥಂಡಿ, ಹೊಲ ಲಾವಣಿಗೆ ಕೊಡುವುದು, ಸತ್ತರೆ ಹೂಳುವುದೋ ಸುಡುವುದೋ, ಎಲ್ಲ ಬಂದು ಹೋಯಿತು. ಒಂಬತ್ತನೆಯ ದಿನ ಹೋಗಕೂಡದೆಂದು ನಿರ್ಣಯವಾಯಿತು. ಕಾರಣ ಇಷ್ಟೇ: ಆಟಕ್ಕೆ ನಾಲ್ಕನೆಯ ಕೈ ಎಲ್ಲಿಂದ ತರುವುದು? ಇರುವುದೇ ನಾಲ್ಕು ಜನ. ಮೊದಲು ಆರಿದ್ದೆವು, ಒಬ್ಬರು ಪುಣೆಗೆ ಹೋದರು, ಇನ್ನೊಬ್ಬರು ತಿರುಗಿ ಬರದ ಕಡೆಗೆ.

ನಿರ್ಣಯವನ್ನು ಮನೆಗೆ ತಲುಪಿಸಲು ನಾನೇ ಹೋದೆ. ಅಕ್ಕೋರು ಮನೆಯ ಮುಂದಿನ ಕಟ್ಟೆಯ ಮೇಲೆ ಮೆಂತೆ ಸೋಸುತ್ತ ಕೂತಿದ್ದರು. ಪೂರ್ತಿ ಕೇಳಿಸಿಕೊಂಡು, ‘ಹಂಗಾರ ಮೂರು ಮಂದಿ ಆಡೂ ಆಟ ಕಲೀರಿ’ ಅಂದರು. ಆಮೇಲೆ ನಾನು ಕೂತ ರೀತಿ ನೋಡಿ ಏನನ್ನಿಸಿತೋ, ಮೆಂತೆಯ ಅರ್ಧ ಕಟ್ಟು ನನ್ನ ಮುಂದೆ ಸರಿಸಿದರು. ನಾನು ಸೋಸಲು ಹತ್ತಿದೆ. ‘ಹಂಗಲ್ರೀ ಅದು’ ಎಂದು ನನ್ನ ಕೈಯಿಂದ ಕಸಿದುಕೊಂಡರು.