ಬಾಟ್ಲಿದಾಗ ನಿಮ್ಮ ಮಾರಿ ಕಾಣ್ತದ್ರೀ!

ಗಾಜಿನ ಬಾಟಲಿಯಂಥ ಚಾಡಿಕೋರ ಇನ್ನೊಬ್ಬನಿಲ್ಲ. ಫೋಟೋ ತೆಗೆಯಲು ನಿಂತರೆ ಎದುರಿನ ಕಿಟಕಿ, ಫ್ಯಾನು, ಫೋಟೋಗ್ರಾಫರನ ಹೊಟ್ಟೆ ಎಲ್ಲವನ್ನೂ ಹೇಳಿಬಿಡುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಈ ಚಟವಿಲ್ಲ. ಜಿಐ ಟ್ಯಾಗ್ ಪಡೆದ ಗತ್ತಿನಲ್ಲಿ, ಬೆಳಕು ಎತ್ತಲಿಂದ ಬಂದರೂ ಚೆಂದ ಕೂತಿರುತ್ತದೆ.

ಫಜೀತಿ ಶುರುವಾಗುವುದು ಗಾಣದ ಕುಸುಬಿ ಎಣ್ಣೆಯ ಸಾಹುಕಾರರು ಕಲಬುರಗಿಯ ಸ್ಟುಡಿಯೋಗೆ ಬಾಟಲಿ ತಂದಾಗ. "ಮುಂದಿಂದ ಜೋರ್ ಫ್ಲ್ಯಾಶ್ ಹೊಡೀರಿ, ಪಳಪಳ ಅನ್ಬೇಕು ನೋಡ್ರಿ!" ಹೊಡೆದರೆ ಪಳಪಳ ಅನ್ನುವುದು ಫ್ಲ್ಯಾಶೇ, ಎಣ್ಣೆ ಮಾಯ.

ಗಾಜಿಗೆ ಬೆಳಕು ಹಿಂದಿನಿಂದ ಬರಬೇಕು. ಬೆನ್ನಿಗೆ ಬೆಳಗಿದ ಬಿಳಿ ಪರದೆ, ಎರಡೂ ಪಕ್ಕ ಫ್ರೇಮಿನಾಚೆ ಕಪ್ಪು ರಟ್ಟು. ಆಗ ಬಾಟಲಿಯ ಅಂಚಿಗೆ ಸಪೂರ ಕಪ್ಪು ಗೆರೆ ಮೂಡುತ್ತದೆ. ಕಪ್ಪು ಹಿನ್ನೆಲೆಗಾದರೆ ಎಲ್ಲ ಉಲ್ಟಾ: ಪಕ್ಕದಿಂದ ಬೆಳಕು, ಗೆರೆ ಬೆಳ್ಳಗೆ. ಎಣ್ಣೆಗೆ ಬಂಗಾರದ ಕಳೆ ಬರಲು ಬಾಟಲಿಯ ಹಿಂದೆ ಅದರದೇ ಆಕಾರದ ಬಿಳಿ ಕಾಗದ. ತಂಪು ಪಾನೀಯದ ಜಾಹೀರಾತಿನ ಹನಿಗಳಂತೂ ಹೆಚ್ಚಾಗಿ ನೀರಿಗೆ ಬೆರೆಸಿದ ಗ್ಲಿಸರಿನ್; ಕಲಬುರಗಿಯ ಮೇ ತಿಂಗಳಲ್ಲಿ ಅಸಲಿ ಹನಿ ನಿಲ್ಲುವುದು ಫೋಟೋಗ್ರಾಫರನ ಹಣೆಯ ಮೇಲೆ ಮಾತ್ರ.

ಎಲ್ಲ ಸಜ್ಜಾಯಿತು. ಹುಡುಗ ಕೈಗವಸು ಹಾಕಿ, ಒರೆಸಿ ಒರೆಸಿ ಬಾಟಲಿ ಇಟ್ಟ. ಸಾಹುಕಾರರು ಎದ್ದು ಬಂದು ಅದನ್ನೇ ಎತ್ತಿ ಹಿಡಿದರು: "ಮುಚ್ಚಳ ಗಟ್ಟಿ ಅದನಿಲ್ರೀ?"